ಪೋಪಟ್‌ಲಾಲ್ ಸಾಹೇಬ್ರ, ನೀವು ಲಗ್ನ ಆಗಬ್ಯಾಡ್ರಿ

ಶ್ರೀ ಪೋಪಟ್‌ಲಾಲ್ ಅವರಿಗೆ,
ವರದಿಗಾರರು, ತೂಫಾನ್ ಎಕ್ಸ್‌ಪ್ರೆಸ್,
ಗೋಕುಲಧಾಮ ಸೊಸೈಟಿ, ಗೋರೆಗಾಂವ್ ಪೂರ್ವ, ಮುಂಬಯಿ.

ವಿಜಯಪುರದ ಗಾಂಧಿ ಚೌಕದಿಂದ ಶರಣು.

ಕಾಗದ ಕನ್ನಡದಲ್ಲಿದೆ, ಕ್ಷಮಿಸಬೇಕು. 2008ರ ಜುಲೈನಿಂದ ನಾವು ಟೀವಿಯಲ್ಲಿ ನಿಮ್ಮ ಧಾರಾವಾಹಿಯ ಹಿಂದಿ ಕೇಳಿಕೊಂಡು ಬಂದಿದ್ದೇವೆ, ಒಂದು ದಿನ ನೀವು ನಮ್ಮ ಕನ್ನಡಕ್ಕೆ ಕಿವಿಗೊಟ್ಟರೆ ಸಾಲ ತೀರಿದಂತೆ. ಓದಿಸಿಕೊಳ್ಳಲು ನಿಮ್ಮ ಸೊಸೈಟಿಯ ಅಯ್ಯರ್ ಅವರ ಬಳಿ ಹೋಗಬೇಡಿ, ಅವರು ತಮಿಳರು. ಮುಂಬಯಿಯಲ್ಲಿ ನಮ್ಮಿಬ್ಬರನ್ನೂ ಒಂದೇ ತಟ್ಟೆಯ ಇಡ್ಲಿ ಎಂದುಕೊಳ್ಳುವ ರೂಢಿ ಇದೆಯೆಂದು ಗೊತ್ತು. ಗೋರೆಗಾಂವಿನ ಯಾವುದಾದರೂ ಉಡುಪಿ ಹೋಟೆಲಿನ ಗಲ್ಲೆಯ ಮೇಲೆ ಕೂತವರಿಗೆ ಕೊಡಿ, ಓದಿ ಹೇಳುತ್ತಾರೆ. ಬಿಲ್ ಮಾತ್ರ ನೀವೇ ಕೊಡಬೇಕಾಗುತ್ತದೆ. ಛತ್ರಿಯ ಹೊರತು ಬೇರೆ ಯಾವುದಕ್ಕೂ ನೀವು ಕೈಬಿಚ್ಚಿ ಖರ್ಚು ಮಾಡಿದ್ದನ್ನು ನಾವು ಕಂಡಿಲ್ಲ.

ವಿಷಯಕ್ಕೆ ಬರುತ್ತೇನೆ. ನಿಮ್ಮ ಲಗ್ನದ ವಿಷಯ.

ನಮ್ಮ ಚೌಕದಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್ಟಿನ ಕಡೆಗೆ ಮುಖ ಮಾಡಿದ ಒಂದು ಚಹಾದ ಅಂಗಡಿ ಇದೆ. ಅಲ್ಲಿ ಬರಣಿಗಳ ಮೇಲಿನ ಹಲಗೆಯಲ್ಲಿ ಒಂದು ಟೀವಿ ಇದೆ. ಕ್ರಿಕೆಟ್ ಇಲ್ಲದ ದಿನ ಅದರಲ್ಲಿ ನೀವೇ ಇರುತ್ತೀರಿ. ಹೊಸ ಕಂತೋ ಹತ್ತು ವರ್ಷದ ಹಿಂದಿನದೋ ತಿಳಿಯಬೇಕಾದರೆ ನಿಮ್ಮ ನೆರೆಯ ಜೇಠಾಲಾಲರ ಮಗ ಟಪ್ಪುವಿನ ಮೀಸೆ ನೋಡಬೇಕು. ಹುಡುಗ ಚಡ್ಡಿಯಲ್ಲಿದ್ದರೆ ಹಳೆಯದು, ಮುಖವೇ ಬೇರೆಯಿದ್ದರೆ ಹೊಸದು. ಟಪ್ಪುವಿನ ಪಾತ್ರಕ್ಕೆ ಈಗ ಮೂರನೆಯ ಹುಡುಗ ಬಂದಿದ್ದಾನೆ. ಅವನ ಅವ್ವ ದಯಾಬೆನ್ ತವರಿಗೆ ಹೋದದ್ದು 2017ರಲ್ಲಿ, ಇನ್ನೂ ಬಸ್ಸು ಸಿಕ್ಕಿಲ್ಲ. ನಾಲ್ಕು ಸಾವಿರ ಕಂತು ದಾಟಿದ ಕತೆಯಲ್ಲಿ ಮಕ್ಕಳು ಬೆಳೆದರು, ನಟರು ಬದಲಾದರು, ಕೆಲವರು ತೀರಿಯೂ ಹೋದರು. ನೀವು ಮಾತ್ರ ಅದೇ ಹೆಗಲಿಗೆ ಅದೇ ಛತ್ರಿ ಇಟ್ಟುಕೊಂಡು ಅದೇ ಬಾಗಿಲಲ್ಲಿ ನಿಂತಿದ್ದೀರಿ. ಹೆಣ್ಣು ನೋಡುತ್ತೀರಿ, ಒಪ್ಪುತ್ತೀರಿ, ಸೊಸೈಟಿಯವರೆಲ್ಲ ಹೊಸ ಬಟ್ಟೆ ಹಾಕಿಕೊಳ್ಳುತ್ತಾರೆ, ಹಸೆಮಣೆ ಕಾಣುವಷ್ಟು ಹತ್ತಿರ ಬಂದಾಗ ಏನೋ ಒಂದು ಆಗಿ ಎಲ್ಲವೂ ಕ್ಯಾನ್ಸಲ್.

ಇದರ ಮೇಲೆ ನಮ್ಮಲ್ಲಿ ಎರಡು ಪಕ್ಷಗಳಾಗಿವೆ. ಚುನಾವಣೆಯ ಪಕ್ಷಗಳಿಗಿಂತ ಗಟ್ಟಿ. ಅವುಗಳಿಂದ ಜನ ಆಚೆ ಈಚೆ ಹಾರುತ್ತಾರೆ, ಇವುಗಳಿಂದ ಇಲ್ಲಿಯವರೆಗೆ ಒಬ್ಬನೂ ಹಾರಿಲ್ಲ.

ಆಗಲೇಬೇಕು ಅನ್ನುವ ಪಕ್ಷಕ್ಕೆ ಬಬಲೇಶ್ವರದ ನಿವೃತ್ತ ಮಾಸ್ತರರು ಮುಖಂಡರು. "ಕಥಿ ಅಂದ ಮ್ಯಾಲ ಅದಕ್ಕೊಂದು ಗತಿ ಇರಬೇಕ್ರಿ. ಗತಿ ಇಲ್ಲದ್ದು ಕಥಿ ಅಲ್ಲ, ಗಿರಣಿ" ಎಂಬುದು ಅವರ ಸೂತ್ರ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ, ಪಾಠ ಮುಗಿಸದೆ ಗಂಟೆ ಹೊಡೆಯಬಾರದೆಂಬ ಶಿಸ್ತು ಅವರಿಗೆ ಅಂಟಿಬಿಟ್ಟಿದೆ. ಎದುರು ಪಕ್ಷದಲ್ಲಿ ಬಾಳೆಹಣ್ಣಿನ ಗಾಡಿಯ ಚಾಚಾ. ಅವರ ವಾದ ಚಿಕ್ಕದು: "ಲಗ್ನ ಆದ್ರ ಅಂವ ಜೇಠಾಲಾಲ ಆಗ್ತಾನ. ಇದ್ದ ಒಬ್ಬ ಜೇಠಾಲಾಲನ ಸಂಕಟಾನ ನೋಡಾಕ ಆಗವಲ್ದು, ಇನ್ನೊಬ್ಬ ಯಾಕ್ ಬೇಕ್ರಿ ಮಾಸ್ತರ?" ನಡುವೆ ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ಒಬ್ಬ ಹುಡುಗ. ಹುಡುಗ ಅಂದೆ, ವಯಸ್ಸು ಇಪ್ಪತ್ತೊಂಬತ್ತು. ಅವನು ಮಧ್ಯಮ ಮಾರ್ಗ ಹೇಳುತ್ತಾನೆ: ಕನ್ನಡ ಧಾರಾವಾಹಿಗಳಲ್ಲಿ ಮಾಡುವ ಹಾಗೆ ಪರದೆಯ ಮೇಲೆ 'ಐದು ವರ್ಷಗಳ ನಂತರ' ಎಂದು ಬರೆದು, ನೇರವಾಗಿ ಪೋಪಟ್‌ಲಾಲರ ಮಗುವಿನ ಹುಟ್ಟುಹಬ್ಬದಿಂದ ಶುರು ಮಾಡಬೇಕು. ಹೆಂಡತಿ ಯಾರು ಎಂಬುದನ್ನು ಇನ್ನೊಂದು ಸಾವಿರ ಕಂತು ಮುಚ್ಚಿಡಬಹುದು.

ಒಂದು ಸಂಜೆ ಚಾಚಾ ಬಾರಾ ಕಮಾನನ್ನೇ ಸಾಕ್ಷಿಗೆ ಕರೆದರು. ನಿಮಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ನಮ್ಮ ಚೌಕದಿಂದ ನಡೆದು ಹೋಗುವಷ್ಟು ದೂರದಲ್ಲಿ ಎರಡನೆಯ ಅಲಿ ಆದಿಲ್ ಶಾಹ್ ತನಗಾಗಿ ಕಟ್ಟಿಸುತ್ತಿದ್ದ ಗೋರಿಯ ಕಟ್ಟಡವಿದೆ. 1672ರಲ್ಲಿ ಆತ ತೀರಿಕೊಂಡ, ಕಟ್ಟಡ ಕಮಾನುಗಳ ಮಟ್ಟಕ್ಕೇ ನಿಂತಿತು. ಪೂರ್ತಿಯಾಗಿದ್ದರೆ ಅದರ ನೆರಳು ಗೋಲಗುಮ್ಮಟದ ಮೇಲೆ ಬೀಳುತ್ತಿತ್ತೆಂದು, ಅದಕ್ಕೇ ನಿಲ್ಲಿಸಿದರೆಂದು ಊರಲ್ಲಿ ಒಂದು ಕತೆಯಿದೆ. ಕರಿಕಲ್ಲಿನ ಕಮಾನುಗಳ ನಡುವೆ ಆಕಾಶ ಕಾಣುತ್ತದೆ, ಕೆಳಗೆ ಹುಲ್ಲಿನ ಮೇಲೆ ಹುಡುಗರು ಫೋಟೋ ತೆಗೆಸಿಕೊಳ್ಳುತ್ತಾರೆ. "ಮ್ಯಾಲ ಗುಮ್ಮಟ ಹಾಕಿ ಮುಗಿಸಿದ್ರ ಊರಾಗಿನ ಇಷ್ಟ ಗುಮ್ಮಟದಾಗ ಅದೂ ಒಂದ ಆಗ್ತಿತ್ತು" ಎಂದರು ಚಾಚಾ. "ಮುಗೀದ ನಿಂತದ, ಅದಕ್ಕ ನೋಡಾಕ ಬರ್ತಾರ." ಮಾಸ್ತರರು ಆ ದಿನ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಮರುದಿನ ಬೇರೆ ವಾದ ಹೊಂದಿಸಿಕೊಂಡು ಬಂದರೆನ್ನಿ.

ಇಷ್ಟು ಹಟದಿಂದ, ಗೆಲ್ಲುವ ಆಸೆಯೇ ಇಲ್ಲದೆ ವಾದ ಮಾಡುವುದನ್ನು ಇವರು ಎಲ್ಲಿ ಕಲಿತರು ಅನ್ನುತ್ತೀರಾ? ಇದು ನಮ್ಮ ಜಿಲ್ಲೆಯ ನೆಲದ ಗುಣ. ನಮ್ಮಲ್ಲಿ ಹರದೇಶಿ-ನಾಗೇಶಿ ಎಂಬ ಹಾಡಿಕೆ ಇದೆ. ಒಂದು ಮೇಳ ಗಂಡು ಹೆಚ್ಚು ಅನ್ನುತ್ತದೆ, ಎದುರಿನದು ಹೆಣ್ಣು ಹೆಚ್ಚು ಅನ್ನುತ್ತದೆ. ದಪ್ಪು ಬಡಿದು, ತುಂತುಣಿ ಮೀಟಿ, ಶಿವ-ಶಕ್ತಿಯರಿಂದ ಹಿಡಿದು ಅತ್ತೆ-ಸೊಸೆಯವರೆಗೆ ಪುರಾಣ ತೆಗೆದು, ರಾತ್ರಿಯಿಡೀ ಸವಾಲು ಜವಾಬು. ಹಲಸಂಗಿಯ ಕಡೆ ಲಾವಣಿ ಕೇಳಿಯೇ ಬೆಳೆದು, ಕಡೆಗೆ ಅವನ್ನು ಕೂಡಿಸಿ ಅಚ್ಚು ಹಾಕಿಸಿದ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ನಮ್ಮ ಜಿಲ್ಲೆಯವರೇ. ಆ ಹಾಡಿಕೆಯ ಸೊಗಸು ಏನೆಂದರೆ ಬೆಳಗಾದಾಗ ಇಬ್ಬರೂ ಸೇರಿ ಮಂಗಳ ಹಾಡಿ ಒಂದೇ ತಾಟಿನಲ್ಲಿ ಚುರಮುರಿ ತಿನ್ನುತ್ತಾರೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬುದು ಮುಂದಿನ ಜಾತ್ರೆಗೆ ಹಾಗೇ ಉಳಿದಿರುತ್ತದೆ. ಉಳಿಯದಿದ್ದರೆ ಮೇಳದವರ ಹೊಟ್ಟೆಪಾಡು?

ನಿಮ್ಮ ನಿರ್ಮಾಪಕರಿಗೂ ಈ ಗುಟ್ಟು ತಿಳಿದಿದೆ. ತಾರಕ್ ಮೆಹ್ತಾ ಎಂಬ ಗುಜರಾತಿ ಲೇಖಕರು 1971ರಿಂದ ಚಿತ್ರಲೇಖಾ ವಾರಪತ್ರಿಕೆಯಲ್ಲಿ ಬರೆದ ಅಂಕಣದಿಂದ ಹುಟ್ಟಿದ ಮಂದಿ ನೀವೆಲ್ಲ. ಅಂಕಣದ ಪಾತ್ರಗಳಿಗೆ ವಾರದ ಹೊಣೆಯಷ್ಟೇ ಇರುತ್ತದೆ, ಆಯುಷ್ಯದ ಹೊಣೆ ಇರುವುದಿಲ್ಲ. ಅಮೆರಿಕದಲ್ಲಿ 1989ರಲ್ಲಿ ಶುರುವಾದ ಸಿಂಪ್ಸನ್ಸ್ ಎಂಬ ಚಿತ್ರಹಾಸ್ಯದ ಹುಡುಗನಿಗೆ ಇವತ್ತಿಗೂ ಹತ್ತೇ ವರ್ಷ. ಅವನ ಜೊತೆ ನೋಡಲು ಶುರು ಮಾಡಿದವರಿಗೆ ಬಿಪಿ ಬಂದಿರಬೇಕು.

ನಮ್ಮ ಕನ್ನಡದಲ್ಲೂ ಇಂಥವರಿದ್ದರು. ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು', ವಿಜಯಪ್ರಸಾದ್ ಅವರ 'ಸಿಲ್ಲಿ ಲಲ್ಲಿ'. ಈಟೀವಿಯ ಕಾಲ. ಪಾಂಡು ಹೆಂಡತಿಯ ಕೈಯಲ್ಲಿ ದಿನಾ ಪೆಟ್ಟು ತಿನ್ನುತ್ತಿದ್ದ, ಡಾಕ್ಟರ್ ವಿಠ್ಠಲರಾವ್ ದಿನಾ ಬಡಾಯಿ ಕೊಚ್ಚುತ್ತಿದ್ದರು, ಲಲಿತಾಂಬ ದಿನಾ ಸಮಾಜಸೇವೆ ಮಾಡುತ್ತಿದ್ದರು, ಸಮಾಜ ಇದ್ದಲ್ಲೇ ಇತ್ತು. ಕತೆ ಮುಂದೆ ಹೋಗಲಿಲ್ಲವೆಂದು ಗಾಂಧಿ ಚೌಕದಲ್ಲಿ ಯಾರೂ ಆಗ ದೂರಿದ್ದು ನನಗೆ ನೆನಪಿಲ್ಲ. 2018ರಲ್ಲಿ ಪಾಂಡು ಕಲರ್ಸ್ ಸೂಪರಿನಲ್ಲಿ ಮರಳಿ ಬಂದಾಗ ಪಾಂಡುವಾಗಿ ಅದೇ ಚಿದಾನಂದ್, ಹೆಂಡತಿಯಾಗಿ ಅದೇ ಶಾಲಿನಿ, ಅದೇ ಪೆಟ್ಟು. ಇಷ್ಟು ವರ್ಷ ಎಲ್ಲಿಗೆ ಹೋಗಿದ್ದೆ ಎಂದು ಕೇಳದೆ ಊಟಕ್ಕೆ ಬಡಿಸುವ ಹಾಗೆ ಜನ ನೋಡಿದರು.

ನಮ್ಮ ಸಹನೆ ಕೆಟ್ಟದ್ದು ಮುಂದೆ ಹೋಗುತ್ತೇವೆಂದು ಹೇಳಿ ಹೋಗದ ಕತೆಗಳಿಂದ. 'ಅಗ್ನಿಸಾಕ್ಷಿ' 2013ರ ಡಿಸೆಂಬರಿನಲ್ಲಿ ಶುರುವಾಯಿತು, 2020ರ ಜನವರಿಯಲ್ಲಿ ಮುಗಿಯಿತು. ಮನೆಯೊಳಗಿನ ಚಂದ್ರಿಕಾಳೇ ಕೇಡಿಗಿತ್ತಿ ಎಂಬುದು ನೋಡುವ ನಮಗೆಲ್ಲ ಗೊತ್ತು, ಆ ಮನೆಯವರಿಗೆ ಮಾತ್ರ ವರ್ಷಗಟ್ಟಲೆ ಗೊತ್ತಾಗಲಿಲ್ಲ. ನಮ್ಮ ಓಣಿಯ ಅಜ್ಜಿಯೊಬ್ಬರು ಟೀವಿಯ ಗಾಜು ಬಡಿದು ಆ ಮನೆಯವರಿಗೆ ಹೇಳಿದ್ದೂ ಉಂಟು. ನಾಯಕ ಸಿದ್ಧಾರ್ಥನ ಪಾತ್ರದ ವಿಜಯ್ ಸೂರ್ಯ ನಡುವೆಯೇ ಬಿಟ್ಟು ಹೋದರು, ಗುಟ್ಟು ಹೋಗಲಿಲ್ಲ. 'ಪುಟ್ಟಗೌರಿ ಮದುವೆ'ಯ ಗೌರಿ ಕಾಡಿನಲ್ಲಿ ಸಾವಿನ ಬಾಯಿಂದ ಎದ್ದು ಬರುತ್ತಿದ್ದ ಪರಿಯನ್ನು ಹುಡುಗರು ಮೊಬೈಲಿನಲ್ಲಿ ಮಾಡಿಕೊಂಡ ತಮಾಷೆ ಧಾರಾವಾಹಿಗಿಂತ ಚೆನ್ನಾಗಿತ್ತು. ಇನ್ನು ಒಂದು ಕಪಾಳಮೋಕ್ಷವನ್ನು ಮೂರು ಕಡೆಯಿಂದ ಮೂರು ಸಲ ತೋರಿಸುವ ಪದ್ಧತಿ. ಅದು ಬೆಂಗಳೂರಿನವರ ಶೋಧ ಎಂದುಕೊಂಡಿದ್ದರೆ ತಪ್ಪು. 17ನೇ ಶತಮಾನದಲ್ಲೇ ನಮ್ಮ ಗೋಲಗುಮ್ಮಟ ಒಂದು ಚಪ್ಪಾಳೆಯನ್ನು ಏಳು ಸಲ ಹೇಳುತ್ತಿತ್ತು, ಯಾವ ಜಾಹೀರಾತಿನ ಆಸೆಯೂ ಇಲ್ಲದೆ.

'ಜೊತೆ ಜೊತೆಯಲಿ' ಬಂದಾಗ ನಮ್ಮ ಊರಿನ ಸ್ಥಿತಿ ಇನ್ನೂ ಫಜೀತಿಯದಾಯಿತು. ಅದು ಮರಾಠಿಯ 'ತುಲಾ ಪಾಹತೆ ರೇ' ಕತೆಯಿಂದ ಬಂದದ್ದು. ಮರಾಠಿಯದು ವರ್ಷದೊಳಗೇ, 2019ರಲ್ಲಿ ಮುಗಿದು ಹೋಗಿತ್ತು. ಕನ್ನಡದ್ದು ಅದೇ ವರ್ಷ ಶುರುವಾಗಿ 2023ರವರೆಗೆ ನಡೆಯಿತು. ಬೆಂಗಳೂರಿನ ಜನ ನಾಯಕ ಆರ್ಯವರ್ಧನನ ಮೇಲೆ ಪ್ರೀತಿಯ ಮಳೆ ಸುರಿಸುತ್ತಿದ್ದಾಗ ಇಲ್ಲಿಂದ ನೂರು ಕಿಲೋಮೀಟರ್ ಆಚೆಯ ಸೊಲ್ಲಾಪುರದ ಬೀಗರು ಫೋನು ಮಾಡಿ, "ಬಾಳ ಹಚ್ಚಿಕೊಳ್ಳಬ್ಯಾಡ್ರಿ, ಅಂವ ಒಳ್ಳೇಂವ ಅಲ್ಲ. ಆ ಹುಡುಗಿ ಹಿಂದಿನ ಜನ್ಮದಾಗ ಅವನ ಹೇಣ್ತಿ" ಎಂದು ಒಡೆದು ಹೇಳಿಬಿಟ್ಟಿದ್ದರು. ನಮ್ಮ ಮನೆಯಲ್ಲಿ ಇದರಿಂದ ಎರಡು ದಿನ ಮಾತು ನಿಂತಿತು. ಆದರೂ ನೋಡುವುದು ನಿಲ್ಲಲಿಲ್ಲ. 2022ರ ಆಗಸ್ಟಿನಲ್ಲಿ ಆ ಪಾತ್ರದ ಅನಿರುದ್ಧ್ ಹೊರಬಿದ್ದು ಹರೀಶ್ ರಾಜ್ ಬಂದಾಗಲೂ ನಿಲ್ಲಲಿಲ್ಲ. ನಾಯಕನ ಮುಖವೇ ಬೇರೆಯಾಯಿತೆಂದು ರಾಜ್ಯವೆಲ್ಲ ಗಲಾಟೆ ಮಾಡಿದರೆ ಚೌಕದಲ್ಲಿ ಅಷ್ಟೇನೂ ಆಗಲಿಲ್ಲ. ನಮಗೆ ರೂಢಿಯಿದೆ. 2014ರ ನವೆಂಬರ್ 1ರಂದು ನಮ್ಮ ಊರಿನ ಪಾತ್ರಕ್ಕೇ ಹೊಸ ಹೆಸರು ಬಂತು, ಕಂಡಕ್ಟರ್ ಇವತ್ತಿಗೂ "ಬಿಜಾಪುರ, ಬಿಜಾಪುರ" ಎಂದೇ ಕೂಗುತ್ತಾನೆ, ಬಸ್ಸೂ ಸರಿಯಾಗಿ ಬಂದು ಮುಟ್ಟುತ್ತದೆ.

ಇಲ್ಲಿ ನಮ್ಮ ಅವ್ವನ ಮಾತು ಹೇಳದಿದ್ದರೆ ಕಾಗದ ಅಪೂರ್ಣ. ಚೌಕದ ಗಂಡಸರ ವಾದವನ್ನು ಒಂದು ರಾತ್ರಿ ಊಟದ ಹೊತ್ತಿಗೆ ಅವ್ವನ ಮುಂದಿಟ್ಟೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಬೆನ್ನು ಟೀವಿಯ ಕಡೆಗೆ. "ನೀವು ಕಣ್ಣಿಲೆ ನೋಡಾವ್ರು, ಅದಕ್ಕ ಬ್ಯಾಸರ ಬರ್ತದ. ನಾನು ಕಿವಿಲೆ ನೋಡಾಕಿ" ಅಂದಳು. ನಾನು ಅದರ ಮೇಲೆ ಬಹಳ ಯೋಚಿಸಿದ್ದೇನೆ ಸಾಹೇಬರೇ. ಸಂಜೆ ಆರೂವರೆಯಿಂದ ಒಂಬತ್ತರವರೆಗೆ ಕರ್ನಾಟಕದ ಹೆಂಗಸರಿಗೆ ಕೈಬಿಡುವಿಲ್ಲ, ಧಾರಾವಾಹಿಗಳು ಬರುವುದೂ ಸರಿಯಾಗಿ ಅದೇ ಹೊತ್ತಿಗೆ. ಪಾತ್ರಗಳು ಒಬ್ಬರನ್ನೊಬ್ಬರು ಮಾತುಮಾತಿಗೆ ಹೆಸರು ಹಿಡಿದು ಕರೆಯುವುದು, ನಡೆದದ್ದನ್ನೇ ಇನ್ನೊಬ್ಬರಿಗೆ ಪೂರ್ತಿ ಒಪ್ಪಿಸುವುದು, ಕೇಡಿಗಿತ್ತಿ ತನ್ನ ಸಂಚನ್ನು ಗೋಡೆಗೆ ಗಟ್ಟಿಯಾಗಿ ಹೇಳುವುದು, ಬಂದವರಾರೆಂದು ಸಂಗೀತವೇ ಸಾರುವುದು, ಇವೆಲ್ಲ ಹೆಂಚಿನ ಮುಂದೆ ಕೂತವಳಿಗೆ ಕಾಣದೆಯೂ ಕಾಣಲೆಂದು ಮಾಡಿದ ವ್ಯವಸ್ಥೆ. ಮೂರು ದಿನ ಊರಿಗೆ ಹೋಗಿ ಬಂದರೂ ಅವಳಿಗೆ ಏನೂ ತಪ್ಪಿರಬಾರದು. ಕತೆ ಅವಳಿಗಾಗಿ ಬಾಗಿಲಲ್ಲಿ ಕಾಯುತ್ತ ನಿಂತಿರುತ್ತದೆ. ಅವಳಿಗಾಗಿ ಕಾಯುವುದು ಮನೆಯಲ್ಲಿ ಅದೊಂದೇ. ಕತೆ ಮುಂದೆ ಹೋಗಲಿ ಎಂದು ಹಟ ಹಿಡಿಯುವವರು ಕೈಯಲ್ಲಿ ಬರೀ ಚಹಾದ ಕಪ್ಪು ಹಿಡಿದವರು.

ಅದಿರಲಿ. ಈ ಕಾಗದ ಬರೆಯಬೇಕೆನಿಸಿದ್ದು ಸಾವಕಾರರಿಂದ.

ಟಿಕೋಟಾದ ಕಡೆಯ ದ್ರಾಕ್ಷಿ ಬೆಳೆಗಾರರು ಅವರು. ಔಷಧ, ಗೊಬ್ಬರ, ಕೋರ್ಟು ಎಂದು ವಾರಕ್ಕೆರಡು ಸಲ ಪಟ್ಟಣಕ್ಕೆ ಬಂದರೆ ಚೌಕದ ಚಹಾ ತಪ್ಪಿಸುವುದಿಲ್ಲ. ಆಗಲೇಬೇಕು ಪಕ್ಷದಲ್ಲಿ ಮಾಸ್ತರರು ತಲೆ, ಸಾವಕಾರರು ದನಿ. ಮೇಜು ಗುದ್ದಿ ಮಾತಾಡುತ್ತಾರೆ. ನೋಡಿದ ಹೆಣ್ಣು ನಿಮ್ಮನ್ನು ಒಪ್ಪಲಿಲ್ಲವೆಂದರೆ ಇಡೀ ಮುಂಬಯಿಯನ್ನು ಬೈಯುತ್ತಾರೆ. "ಮಾಸ್ತರ, ಅವನಿಗೇನ್ ಕಡಿಮಿ ಆಗ್ಯಾದ ಹೇಳ್ರಿ? ಸ್ವಂತ ಮನಿ ಅದ, ನೌಕರಿ ಅದ, ಚಟಾ ಇಲ್ಲ. ಇವಕ್ಕ ಇನ್ನೇನ್ ಬೇಕಂತ?" ಒಂದು ಕಾಲ್ಪನಿಕ ಮನುಷ್ಯನ ಮೇಲೆ ಇಷ್ಟು ಅಂತಃಕರಣ ಯಾಕೆಂದು ನನಗೆ ಬಹಳ ದಿನ ತಿಳಿಯಲಿಲ್ಲ. ಮಳೆ ಬಂದ ಒಂದು ಸಂಜೆ ಇಬ್ಬರೇ ಉಳಿದಾಗ ಅವರ ಅಂಗಿಯ ಕಿಸೆಯಿಂದ ಒಂದು ಪಾಕೀಟು ಹೊರಬಂತು. ಮಗನ ಬಯೋಡಾಟಾ. ಹನ್ನೆರಡು ಪ್ರತಿ. ವಯಸ್ಸಿನ ಮುಂದೆ ಅಚ್ಚಾಗಿದ್ದ 31ನ್ನು ಪೆನ್ನಿನಿಂದ 33 ಮಾಡಿ, ಅದನ್ನೂ ಹೊಡೆದು 36 ಮಾಡಿದ್ದರು.

ನಿಮ್ಮ ಕತೆಯನ್ನು ಹಾಸ್ಯ ಧಾರಾವಾಹಿ ಅನ್ನುತ್ತಾರೆ ಸಾಹೇಬರೇ. ಇಲ್ಲಿ ಅದನ್ನೇ ಟಿಕೋಟಾ, ಬಬಲೇಶ್ವರ ಅನ್ನುತ್ತಾರೆ. ಎರಡೂ 2018ರಲ್ಲಿ ಹೊಸ ತಾಲೂಕುಗಳಾದವು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಮೇಲೆ ಬಂತು. ಒಣನೆಲದಲ್ಲಿ ದ್ರಾಕ್ಷಿಯ ಚಪ್ಪರ ಎದ್ದವು, ಒಣದ್ರಾಕ್ಷಿ ಸಾಂಗಲಿ, ತಾಸಗಾಂವದ ಪೇಟೆಗೆ ಹೋಗುತ್ತದೆ, ಅಂಗಳಕ್ಕೆ ಕಾರು ಬಂದಿದೆ. ನೀರು ಬಂತು, ಸೊಸೆ ಬರಲಿಲ್ಲ. ಹೆಣ್ಣಿನ ಕಡೆಯವರು ಬರುತ್ತಾರೆ, ಹೊಲ ನೋಡುತ್ತಾರೆ, ಬಾವಿ ನೋಡುತ್ತಾರೆ, ಹುಡುಗ ಏನು ಮಾಡುತ್ತಾನೆ ಎಂದು ಕೇಳುತ್ತಾರೆ. ಒಕ್ಕಲತನ ಎಂದ ಕೂಡಲೇ ಅವಲಕ್ಕಿಯ ತಾಟು ಅರ್ಧಕ್ಕೇ ನಿಲ್ಲುತ್ತದೆ. "ತಿಳಿಸ್ತೀವ್ರಿ." ನಿಮ್ಮ ಕ್ಯಾನ್ಸಲ್‌ಗೆ ನಮ್ಮ ಕಡೆ ಇರುವ ಮಾತು ಅದು.

ಇದನ್ನು ನಾನು ಹುಟ್ಟಿಸಿ ಹೇಳುತ್ತಿಲ್ಲ. 2022ರ ಡಿಸೆಂಬರಿನಲ್ಲಿ ಸೊಲ್ಲಾಪುರದಲ್ಲಿ ಮದುವೆಯಾಗದ ಯುವಕರು ಮದುಮಗನ ಬಟ್ಟೆ ತೊಟ್ಟು, ಕುದುರೆ ಏರಿ, ಬ್ಯಾಂಡು ಬಾರಿಸಿಕೊಂಡು ಜಿಲ್ಲಾಧಿಕಾರಿ ಕಚೇರಿಗೆ ದಿಬ್ಬಣ ಹೋದರು. ಹೆಣ್ಣು ಹುಡುಕಿ ಕೊಡಿ ಎಂಬುದು ಅವರ ಮನವಿ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಬ್ರಹ್ಮಚಾರಿಗಳು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದಾದ ಎರಡೂವರೆ ತಿಂಗಳಿಗೆ ವಿಧಾನಸಭೆ ಚುನಾವಣೆ, ರೈತನ ಮಗನನ್ನು ಮದುವೆಯಾಗುವ ಹುಡುಗಿಗೆ 2 ಲಕ್ಷ ರೂಪಾಯಿ ಕೊಡುತ್ತೇವೆಂದು ಕುಮಾರಸ್ವಾಮಿಯವರು ಭರವಸೆ ಕೊಟ್ಟರು. ಅವರ ಪಕ್ಷಕ್ಕೆ ಬಂದದ್ದು 19 ಸ್ಥಾನ. ಹೆಣ್ಣುಮಕ್ಕಳು ಆ ಲೆಕ್ಕಕ್ಕೂ "ತಿಳಿಸ್ತೀವ್ರಿ" ಅಂದರೆಂದು ಕಾಣುತ್ತದೆ.

ಸೊಲ್ಲಾಪುರದ ದಿಬ್ಬಣದ ಮನವಿಯಲ್ಲಿ ಇನ್ನೊಂದು ಬೇಡಿಕೆ ಇತ್ತು. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯನ್ನು ಬಿಗಿಯಾಗಿ ಜಾರಿ ಮಾಡಿ ಎಂಬ ಬೇಡಿಕೆ. ಆ ಕಾಯ್ದೆ 1994ರದು. ಸಾವಕಾರರ ಮಗನ ಓರಗೆಯವರು ಹುಟ್ಟಿ, ಅಂಗಳದಲ್ಲಿ ಆಡುತ್ತಿದ್ದ ಕಾಲ ಅದು. ಹುಟ್ಟದೆ ಹೋದ ಹುಡುಗಿಯರ ಪಾತ್ರವನ್ನು ಕತೆಯಲ್ಲಿ ಬರುವ ಮೊದಲೇ ತೆಗೆದುಹಾಕಿದವರು ಯಾರು ಎಂದು ಬೆಂಗಳೂರಿನ ಯಾವ ಸಂಭಾಷಣೆಕಾರನನ್ನೂ ಕೇಳುವ ಹಾಗಿಲ್ಲ. ಆ ಕಂತುಗಳನ್ನು ಬರೆದದ್ದು ನಮ್ಮ ನಮ್ಮ ಮನೆಗಳ ಹಿರಿಯರು, ಓದಿದವರ ಸಹಾಯದಿಂದ.

ಹುಟ್ಟಿದ ಹುಡುಗಿಯರು ಓದಿದರು. ಓದಿದವಳು ಅವ್ವನ ಬೆನ್ನು ನೋಡುತ್ತ ಬೆಳೆದವಳು, ಟೀವಿಯ ಕಡೆಗೆ ತಿರುಗಿದ ಆ ಬೆನ್ನು. ಅವಳು ಪುಣೆಯಲ್ಲಿ ಎರಡು ಖೋಲಿಯ ಮನೆಯಾದರೂ ಸಾಕು ಅಂದರೆ ನಾನು ತಪ್ಪು ಹೇಳಲಾರೆ. ಸಾವಕಾರರು ಹೇಳುತ್ತಾರೆ, ಈಗಿನ ಹೆಣ್ಣುಮಕ್ಕಳಿಗೆ ಸೊಕ್ಕು ಎಂದು. ಆ ಮಳೆಯ ಸಂಜೆ ನಾನು ಸುಮ್ಮನೆ ಕೇಳಿದೆ, "ನಿಮ್ಮ ಮಗಳನ್ನ ಎಲ್ಲಿ ಕೊಟ್ಟೀರಿ ಸಾವಕಾರ್ರ?" ಪುಣೆಗೆ, ಇಂಜಿನಿಯರ್ ಅಳಿಯನಿಗೆ. ಅದಕ್ಕೂ ಮೊದಲು ಕೊಲ್ಹಾರದ ಕಡೆಯ ಒಬ್ಬ ಒಕ್ಕಲತನದ ಹುಡುಗ ಬಂದಿದ್ದನಂತೆ, ಎಂಟು ಎಕರೆ ನೀರಾವರಿ. "ಏನಂದ್ರಿ ಅವರಿಗೆ?" ಅಂದೆ. ಸಾವಕಾರರು ಟೀವಿ ನೋಡತೊಡಗಿದರು. ಆ ಹೊತ್ತಿಗೆ ಅದರಲ್ಲಿ ಜಾಹೀರಾತು ಬರುತ್ತಿತ್ತು.

ಆ ಪಿಎಸ್‌ಐ ಹುಡುಗನದೂ ಬೇರೆಯಲ್ಲ. ಕೆಲಸ ಸಿಕ್ಕರೆ ಲಗ್ನ, ಲಗ್ನವಾಗಬೇಕಾದರೆ ಕೆಲಸ. 2021ರಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರಲ್ಲಿ ರದ್ದಾಯಿತು. ಅವನ ಬಾಳಿನಲ್ಲಿ ಕ್ಯಾನ್ಸಲ್ ಎಂಬುದು ಹಾಸ್ಯದ ಮಾತಾಗಿ ಬಂದಿಲ್ಲ. 'ಐದು ವರ್ಷಗಳ ನಂತರ' ಎಂಬ ಹಲಗೆಯ ಮೇಲೆ ಅವನಿಗೆ ಅಷ್ಟೊಂದು ಮೋಹ ಯಾಕೆಂದು ಈಗ ನಿಮಗೆ ತಿಳಿದಿರಬೇಕು.

ಹೀಗಾಗಿ, ಪೋಪಟ್‌ಲಾಲ್ ಸಾಹೇಬರೇ, ಗಾಂಧಿ ಚೌಕದ ಪರವಾಗಿ ನನ್ನ ವಿನಂತಿ. ನೀವು ಲಗ್ನ ಆಗಬೇಡಿ. ಮಾಸ್ತರರ ಮಾತು ಕೇಳಬೇಡಿ. ನಿರ್ಮಾಪಕರು ಒತ್ತಾಯ ಮಾಡಿದರೆ ಛತ್ರಿ ಬಿಚ್ಚಿ ಅಡ್ಡ ಹಿಡಿಯಿರಿ. ನಿಮ್ಮ ಕೊರಳಿಗೆ ಹಾರ ಬಿದ್ದ ದಿನ ಸಾವಕಾರರಿಗೆ ಮೇಜು ಗುದ್ದಲು ಕಾರಣ ಉಳಿಯುವುದಿಲ್ಲ, ಪಾಕೀಟು ಕಿಸೆಯಲ್ಲೇ ಇರುತ್ತದೆ. ಈಗ ಅವರು ನಿಮ್ಮ ಹೆಸರಿನಲ್ಲಿ ಸಿಟ್ಟು ಮಾಡುತ್ತಾರೆ, ನಿಮ್ಮ ಹೆಸರಿನಲ್ಲಿ ಮರುಗುತ್ತಾರೆ, ಚಹಾ ಕುಡಿದು ಟಿಕೋಟಾದ ಬಸ್ಸು ಹತ್ತುತ್ತಾರೆ. ಮನೆಯಲ್ಲಿ ಮಗ ಅಪ್ಪನ ಮುಂದೆ ಕೂತು ಉಣ್ಣುತ್ತಾನಂತೆ, ಇಬ್ಬರೂ ಮಾತಾಡುವುದು ಕಡಿಮೆಯಂತೆ. ಎಂಟೂವರೆಗೆ ಟೀವಿ ಹಚ್ಚುತ್ತಾರಂತೆ. ನಿಮ್ಮನ್ನು ನೋಡಿ ಮೊದಲು ನಗುವವನು ಮಗನೇ ಎಂದು ಸಾವಕಾರರು ಹೇಳಿದರು.

ಚಾಚಾ ನಿಮಗೆ ಸಲಾಂ ಹೇಳಿದ್ದಾರೆ. ಅವ್ವ ಕೇಳಿದ್ದು ಇಷ್ಟೇ: ಗೋಕುಲಧಾಮದಲ್ಲಿ ನಿಮಗೆ ಅಡಿಗೆ ಯಾರು ಮಾಡಿ ಹಾಕುತ್ತಾರೆ?

ಇಂತಿ,
ಆಗಲೇಬೇಕು ಪಕ್ಷದಲ್ಲೂ ಬ್ಯಾಡ ಪಕ್ಷದಲ್ಲೂ ಕೂತು ಎರಡೂ ಕಡೆ ಚಹಾ ಕುಡಿದ,
ಗಾಂಧಿ ಚೌಕದ ನಿಮ್ಮ ಒಬ್ಬ ಅಭಿಮಾನಿ

ತಾ.ಕ.: ಕಾಗದ ಹಾಕುವ ಮೊದಲು ಸಾವಕಾರರಿಗೆ ಓದಿ ತೋರಿಸಿದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಇದನ್ನು ಸೇರಿಸಲು ಹೇಳಿದರು: ಹುಡುಗನಿಗೆ 36 ವರ್ಷ, ಬಿಎ ಆಗಿದೆ, ನಾಲ್ಕು ಎಕರೆ ದ್ರಾಕ್ಷಿ, ಸ್ವಂತ ಮನೆ, ಚಟ ಇಲ್ಲ. ವರದಕ್ಷಿಣೆ ಬೇಡ, ಮದುವೆಯ ಖರ್ಚು ಗಂಡಿನ ಕಡೆಯದೇ. ಹುಡುಗಿ ನೌಕರಿ ಮಾಡುವುದಿದ್ದರೆ ಮಾಡಲಿ. ಓದುವವರ ಪೈಕಿ ಯಾರ ಕಡೆಯಾದರೂ ಇದ್ದರೆ ಚೌಕದ ಚಹಾದ ಅಂಗಡಿಯಲ್ಲಿ ತಿಳಿಸಬೇಕು.